ಹಳೇ ಮನೆಗೆ ಸುಣ್ಣದ ಗಾರೆ ಮಾಡಿಸಿದೆವು: ಎರಡು ಮಳೆಗಾಲ ನೋಡಿ ಬರೆಯುತ್ತಿದ್ದೇನೆ

ಮೊದಲೇ ಹೇಳಿಬಿಡುತ್ತೇನೆ. ಕೆಲಸ ಮುಗಿದು ಎರಡು ಮಳೆಗಾಲ ಕಳೆದವು, ಗೋಡೆ ಒಣಗಿಯೇ ಇದೆ. ಮಡಿಕೇರಿಯಲ್ಲಿ ಇರುವವರಿಗೆ ಈ ಒಂದು ಮಾತು ಸಾಕು. ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುವ ಊರು ಇದು. ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ಜೋರು ಮಳೆಯಲ್ಲಿ, ಒಗೆದ ಬಟ್ಟೆ ವಾರವಾದರೂ ಒಣಗುವುದಿಲ್ಲ, ಗೋಡೆ ಒಣಗಿದೆ ಅಂದರೆ ಯಾರೂ ನಂಬುವುದಿಲ್ಲ. ಅದಕ್ಕೇ ಕೆಲಸ ಮುಗಿದ ಕೂಡಲೇ ಬರೆಯದೆ ಇಷ್ಟು ದಿನ ಕಾದೆ.

ನಮ್ಮದು ಮಹದೇವಪೇಟೆ ಹತ್ತಿರದ ಒಂದು ಓಣಿಯಲ್ಲಿರುವ ಮನೆ. ಮಾವನವರ ತಂದೆ 1931ರಲ್ಲಿ ಕಟ್ಟಿಸಿದ್ದು. ಕಲ್ಲಿನ ಪಾಯ, ಮೇಲೆ ಇಟ್ಟಿಗೆ ಗೋಡೆ, ಇಟ್ಟಿಗೆ ನಡುವೆ ಮಣ್ಣು, ಹೊರಗೆ ಒಳಗೆ ಸುಣ್ಣದ ಗಾರೆ. ಮಾಡಿಗೆ ಮಂಗಳೂರು ಹಂಚು. ಹಂಚು ಮಗುಚಿ ನೋಡಿದರೆ ಬಾಸೆಲ್ ಮಿಷನ್ ಎಂಬ ಅಚ್ಚು ಇನ್ನೂ ಓದಬಹುದು. ಮುಂದೆ ಜಗಲಿ, ಜಗಲಿಗೆ ನಾಲ್ಕು ಹಲಸಿನ ಕಂಬ. ದೊಡ್ಡ ಮನೆಯೇನಲ್ಲ. ಪುಸ್ತಕದಲ್ಲಿ ಹಾಕುವಂಥ ಮನೆಯೂ ಅಲ್ಲ. ಆದರೆ ನಮ್ಮ ಓಣಿಯಲ್ಲಿ ಇಂಥ ಮನೆಗಳು ನಾನು ಮದುವೆಯಾಗಿ ಬಂದಾಗ ಹನ್ನೊಂದು ಇದ್ದವು, ಈಗ ಮೂರು ಉಳಿದಿವೆ. ಉಳಿದ ಜಾಗದಲ್ಲೆಲ್ಲ ಕಾಂಕ್ರೀಟು, ಅದರಲ್ಲಿ ಅರ್ಧದಷ್ಟು ಲಾಡ್ಜು.

ನಾವು ಮಾಡಿದ ತಪ್ಪಿನಿಂದ ಶುರು ಮಾಡುತ್ತೇನೆ, ಬೇರೆಯವರು ಅದನ್ನೇ ಮಾಡಬಾರದು ಅಂತ. ಎಂಟು ವರ್ಷದ ಹಿಂದೆ ಮುಂದಿನ ಗೋಡೆಯ ಗಾರೆ ಅಲ್ಲಲ್ಲಿ ಉದುರತೊಡಗಿತು. ಒಬ್ಬ ಕಂಟ್ರಾಕ್ಟರನ್ನು ಕರೆಸಿದೆವು. ಆತ ಗೋಡೆಗೆ ಕೈಯನ್ನೂ ಇಡದೆ, ಹಳೇ ಗಾರೆ ಎಲ್ಲಾ ಕಿತ್ತು ಸಿಮೆಂಟ್ ಸಾರಣೆ ಮಾಡಿ ಮೇಲೆ ಒಳ್ಳೇ ಪೇಂಟ್ ಹೊಡೆದರೆ ಇಪ್ಪತ್ತು ವರ್ಷ ಮತ್ತೆ ಕೈ ಹಾಕಬೇಕಾಗಿಲ್ಲ ಅಂದ. ಒಳಗಡೆ ಕೆಳಗಿನ ಮೂರಡಿಗೆ ವಾಟರ್‌ಪ್ರೂಫ್ ಪುಡಿ ಬೆರೆಸಿದ ಸಿಮೆಂಟು ಬಳಿದ. ನೋಡಲು ಚೆನ್ನಾಗಿಯೇ ಇತ್ತು. ಮೊದಲ ಮಳೆಗಾಲ ಏನೂ ಆಗಲಿಲ್ಲ. ಎರಡನೇ ಮಳೆಗಾಲಕ್ಕೆ ಆ ಮೂರಡಿಯ ಗೆರೆಯ ಮೇಲೆ, ಸರಿಯಾಗಿ ಸಿಮೆಂಟು ಮುಗಿಯುವ ಜಾಗದಲ್ಲಿ, ಒದ್ದೆ ಕಾಣಿಸಿತು. ಮೂರನೇ ವರ್ಷ ಪೇಂಟು ಗುಳ್ಳೆ ಎದ್ದಿತು. ಗುಳ್ಳೆ ಒಡೆದರೆ ಒಳಗೆ ಬಿಳೀ ಉಪ್ಪಿನ ಪುಡಿ. ಐದನೇ ವರ್ಷ ಅತ್ತೆಯ ಕೋಣೆಯಲ್ಲಿ ಗೋದ್ರೇಜ್ ಬೀರು ಸರಿಸಿ ನೋಡಿದರೆ ಹಿಂದೆ ಗೋಡೆ ಪೂರಾ ಕಪ್ಪು, ಬೂಷ್ಟು ಹಿಡಿದು ಹೋಗಿತ್ತು. ಅತ್ತೆಗೆ ಉಬ್ಬಸ. ಆ ಕೋಣೆಯಲ್ಲಿ ಅವರನ್ನು ಅಷ್ಟು ದಿನ ಮಲಗಿಸಿದ್ದೆವಲ್ಲ ಅಂತ ನನಗೆ ಈಗಲೂ ಸಂಕಟವಾಗುತ್ತದೆ.

ಆ ಕಂಟ್ರಾಕ್ಟರ್ ಮತ್ತೆ ಬಂದು ನೋಡಿ ಹೇಳಿದ ಮಾತು, "ಹಳೇ ಗೋಡೆ ಮೇಡಂ, ಇದಕ್ಕೆ ಏನು ಮಾಡಿದರೂ ಅಷ್ಟೇ, ಕೆಡವಿ ಕಟ್ಟಿ." ಮನೆಯವರಿಗೂ ಅದೇ ಸರಿ ಅನ್ನಿಸಿತ್ತು. ಅದೇ ಹೊತ್ತಿಗೆ ಇನ್ನೊಬ್ಬರು ಬಂದರು, ಹಳೇ ಮರ ಕೊಳ್ಳುವವರು. ಮನೆ ಕೆಡವುತ್ತೀರಂತೆ ಅಂತ ಕೇಳಿಕೊಂಡೇ ಬಂದದ್ದು. ಜಗಲಿ ಕಂಬ, ಮುಂಬಾಗಿಲ ಚೌಕಟ್ಟು, ಎರಡು ಬೀಟೆ ಪೆಟ್ಟಿಗೆ, ಎಲ್ಲಕ್ಕೂ ಸೇರಿಸಿ ಒಂದು ರೇಟು ಹೇಳಿದರು. ರೆಸಾರ್ಟಿನವರಿಗೆ ಬೇಕಂತೆ, ರಿಸೆಪ್ಶನ್‌ನಲ್ಲಿ ನಿಲ್ಲಿಸಲು. ಅತ್ತೆ ಒಳಗಿಂದಲೇ ಕೇಳಿಸಿಕೊಂಡು ಹೊರಗೆ ಬಂದು, "ಆ ಕಂಬಕ್ಕೆ ಒರಗಿಕೊಂಡೇ ನನ್ನ ಗಂಡ ಕೊನೇ ಕಾಫಿ ಕುಡಿದಿದ್ದು. ಅದನ್ನು ನಿಲ್ಲಿಸಿ ಯಾರಿಗೆ ತೋರಿಸುತ್ತೀರಿ?" ಅಂದರು. ಬಂದವರು ಹೊರಟುಹೋದರು. ಮನೆ ಕೆಡವುವ ಮಾತು ಅವತ್ತಿಗೆ ನಿಂತಿತು.

ಈ ಗಾರೆ ಕೆಲಸದವರ ವಿಷಯ ತಿಳಿದದ್ದು ನನ್ನ ಜೊತೆ ಕೆಲಸ ಮಾಡುವ ಗೆಳತಿಯಿಂದ. ಅವಳದು ಕೊಡವ ಕುಟುಂಬ, ವಿರಾಜಪೇಟೆ ಕಡೆ ಅವರ ಮೂಲಮನೆ, ಅಂದರೆ ಐನ್‌ಮನೆ ಇದೆ. ಐನ್‌ಮನೆ ಒಬ್ಬರ ಸ್ವತ್ತಲ್ಲ, ಇಡೀ ಒಕ್ಕದ್ದು, ಅಂದರೆ ಒಂದೇ ಮೂಲದ ಎಲ್ಲ ಕುಟುಂಬಗಳದ್ದು. ಹಾಗಾಗಿ ರಿಪೇರಿಗೆ ದುಡ್ಡು ಎಲ್ಲರೂ ಹಾಕಬೇಕು, ತೀರ್ಮಾನವೂ ಎಲ್ಲರೂ ಸೇರಿ ಮಾಡಬೇಕು. ಬೆಂಗಳೂರಿನಲ್ಲಿರುವವರು, ಹೊರದೇಶದಲ್ಲಿರುವವರು, ಎಲ್ಲರನ್ನೂ ಒಪ್ಪಿಸಲು ಅವರಿಗೆ ಮೂರು ವರ್ಷ ಹಿಡಿಯಿತಂತೆ. ಕೆಲಸ ಮುಗಿದ ಮೇಲೆ ಪುತ್ತರಿ ಸುಗ್ಗಿ ಹಬ್ಬಕ್ಕೆ ನಮ್ಮನ್ನೂ ಕರೆದಿದ್ದಳು. ಕಯ್ಯಾಲೆಯ (ಜಗಲಿಯ) ಐಮರದ, ಅಂದರೆ ಕೂರುವ ಮರದ ಹಲಗೆಯ, ಮೇಲೆ ಕುಳಿತು ಗೋಡೆ ಮುಟ್ಟಿ ನೋಡಿದೆ. ತಣ್ಣಗಿತ್ತು, ಒದ್ದೆ ಇರಲಿಲ್ಲ. ನಡುಮನೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ತೂಗುದೀಪ ಹಚ್ಚಿದ್ದರು, ಆ ಬೆಳಕಿನಲ್ಲಿ ಸುಣ್ಣದ ಗೋಡೆ ಕಾಣುವ ರೀತಿಯೇ ಬೇರೆ. ಪೇಂಟ್ ಹೊಡೆದ ಗೋಡೆ ಬೆಳಕನ್ನು ಹಾಗೇ ವಾಪಸ್ ಎಸೆಯುತ್ತದೆ. ಇದು ಒಳಗೆ ಸ್ವಲ್ಪ ಇಟ್ಟುಕೊಂಡು ಕೊಟ್ಟ ಹಾಗಿರುತ್ತದೆ. ಯಾರು ಮಾಡಿದ್ದು ಅಂತ ಅಲ್ಲೇ ಕೇಳಿ ನಂಬರ್ ತೆಗೆದುಕೊಂಡೆ.

ಐದು ಜನರ ತಂಡ. ಅರವತ್ತು ದಾಟಿದ ಹಿರಿಯ ಮೇಸ್ತ್ರಿ, ಅವರ ಅಳಿಯ, ಇನ್ನೊಬ್ಬ ಹುಡುಗ, ಕಲಸಲು ಹೊರಲು ಇಬ್ಬರು ಹೆಂಗಸರು. ಸಂಪಾಜೆ ಘಾಟಿ ಇಳಿದರೆ ಸಿಗುವ ಕಡೆಯವರು. ಮೇಸ್ತ್ರಿ ಮೊದಲ ದಿನ ಬಂದದ್ದು ಒಬ್ಬರೇ, ಕೈಯಲ್ಲಿ ಒಂದು ಸಣ್ಣ ಸುತ್ತಿಗೆ ಮಾತ್ರ. ಕಾಫಿ ಕೊಟ್ಟೆ, ಕುಡಿದು ಎದ್ದರು. ಗೋಡೆ ಕಡೆ ಹೋಗಲೇ ಇಲ್ಲ. ರಸ್ತೆಗೆ ಹೋಗಿ ನಿಂತು ಮನೆಯನ್ನೇ ನೋಡಿದರು. ಹಿತ್ತಲಿಗೆ ಹೋದರು. ಏಣಿ ಹಾಕಿಸಿ ಮಾಡು ಹತ್ತಿ ಹಂಚು ಸರಿಸಿ ನೋಡಿದರು. ಆಮೇಲೆ ಜಗಲಿಯಲ್ಲಿ ಕುಳಿತಿದ್ದ ಅತ್ತೆಯನ್ನು ಕೇಳಿದರು:

"ಅಜ್ಜೀ, ಈ ಜಗಲಿಗೆ ಮೊದಲು ಎಷ್ಟು ಮೆಟ್ಟಿಲಿತ್ತು?"

"ಮೂರಿತ್ತು. ಮದುವೆಯಾಗಿ ಬಂದಾಗ ಮೂರು ಮೆಟ್ಟಿಲು ಹತ್ತಿಯೇ ಸೇರು ಒದ್ದು ಒಳಗೆ ಬಂದದ್ದು."

ಈಗ ಇರುವುದು ಒಂದು. ನಾವ್ಯಾರೂ ಇದನ್ನು ಗಮನಿಸಿರಲೇ ಇಲ್ಲ. ಮೆಟ್ಟಿಲು ಎಲ್ಲಿಗೂ ಹೋಗಿಲ್ಲ, ರಸ್ತೆ ಮೇಲೆ ಬಂದಿದೆ. ಹಳೇ ಟಾರು ಕೀಳದೆ ಅದರ ಮೇಲೇ ಹೊಸ ಟಾರು, ಅದರ ಮೇಲೆ ಜಲ್ಲಿ, ಮತ್ತೆ ಟಾರು, ಆಮೇಲೆ ಕಾಂಕ್ರೀಟು. ಇಷ್ಟು ವರ್ಷದಲ್ಲಿ ರಸ್ತೆ ಎರಡು ಮೆಟ್ಟಿಲು ಎತ್ತರವಾಗಿ, ಮನೆಯ ಕಲ್ಲಿನ ಪಾಯ ನೆಲದೊಳಗೆ ಹೋಗಿದೆ, ಮಣ್ಣು ನೇರವಾಗಿ ಇಟ್ಟಿಗೆಗೆ ತಾಗುತ್ತಿದೆ. ಮಳೆ ನೀರು ರಸ್ತೆಯಿಂದ ಗೋಡೆಯ ಬುಡಕ್ಕೇ ಇಳಿಯುತ್ತದೆ. ಕಲ್ಲು ನೀರನ್ನು ಮೇಲಕ್ಕೆ ಎಳೆಯುವುದು ಕಮ್ಮಿ, ಇಟ್ಟಿಗೆ ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಎಳೆಯುತ್ತದೆ. ಹಳೇ ಸುಣ್ಣದ ಗಾರೆ ಇದ್ದಾಗ ಹಾಗೆ ಏರಿದ ನೀರು ಗಾರೆಯ ಮೂಲಕ ಆವಿಯಾಗಿ ಹೊರಗೆ ಹೋಗುತ್ತಿತ್ತು. ಗಾರೆ ನಿಧಾನಕ್ಕೆ ಹಾಳಾಗುತ್ತಿತ್ತು, ನಿಜ, ಆದರೆ ಇಟ್ಟಿಗೆ ಉಳಿಯುತ್ತಿತ್ತು. ಹತ್ತಿಪ್ಪತ್ತು ವರ್ಷಕ್ಕೊಮ್ಮೆ ಗಾರೆ ಹೊಸದು ಮಾಡಿದರಾಯಿತು. ನಾವು ಮಾಡಿದ್ದೇನು? ಸಿಮೆಂಟು ಬಳಿದು ಎರಡೂ ಕಡೆಯ ಬಾಗಿಲು ಮುಚ್ಚಿದೆವು. ನೀರಿಗೆ ಹೊರಗೆ ಹೋಗಲು ದಾರಿಯಿಲ್ಲ, ಹಾಗಾಗಿ ಸಿಮೆಂಟು ಮುಗಿಯುವ ತನಕ ಮೇಲೆ ಹತ್ತಿ ಅಲ್ಲಿ ಹೊರಬಂತು. ಜೊತೆಗೆ ಉಪ್ಪನ್ನೂ ತಂದಿತು. ಉಪ್ಪು ಹರಳುಗಟ್ಟುವಾಗ ಹಿಗ್ಗಿ ಇಟ್ಟಿಗೆಯ ಮುಖವನ್ನೇ ಪುಡಿ ಮಾಡುತ್ತದೆ.

ಇದನ್ನೆಲ್ಲ ಮೇಸ್ತ್ರಿ ಹೇಳಿದ್ದು ಇಷ್ಟು ಉದ್ದವಾಗಿ ಅಲ್ಲ. ಅವರಂದದ್ದು, "ಅಮ್ಮಾ, ಗಾರೆ ಆಮೇಲೆ. ಮೊದಲು ನೀರು." ಆ ಮಾತಿಗೇ ನಾನು ಒಪ್ಪಿದೆ. ಅಷ್ಟು ವರ್ಷದಲ್ಲಿ ನಾಲ್ಕು ಜನ ಬಂದು ಗೋಡೆ ನೋಡಿ ರೇಟು ಹೇಳಿ ಹೋಗಿದ್ದರು. ನೀರು ಎಲ್ಲಿಂದ ಬರುತ್ತಿದೆ ಅಂತ ನೋಡಿದವರು ಇವರೊಬ್ಬರೇ.

ಕೆಲಸ ಶುರುವಾದದ್ದು ದಸರಾ ಮುಗಿದು, ದಶಮಂಟಪಗಳ ಮೆರವಣಿಗೆಯ ಗದ್ದಲವೆಲ್ಲ ಇಳಿದ ಮೇಲೆ, ನವೆಂಬರಿನಲ್ಲಿ. ಮೊದಲು ಮುಂದಿನ ಗೋಡೆಯ ಬುಡಕ್ಕೆ ಉದ್ದಕ್ಕೂ ಅಗೆದರು. ಮುಚ್ಚಿಹೋಗಿದ್ದ ಕಲ್ಲಿನ ಪಾಯ ಹೊರಗೆ ಬಂತು, ಎಷ್ಟು ಚೆನ್ನಾಗಿ ಕೆತ್ತಿದ ಕಲ್ಲು! ಅಗೆದ ಕಡೆ ಇಳಿಜಾರು ಕೊಟ್ಟು, ತೂತಿನ ಪೈಪು ಹಾಸಿ, ದಪ್ಪ ಜಲ್ಲಿ ತುಂಬಿ, ನೀರು ಪಕ್ಕದ ಚರಂಡಿಗೆ ಹೋಗುವ ಹಾಗೆ ಮಾಡಿದರು. ಮಾಡಿನಲ್ಲಿ ಒಡೆದಿದ್ದ ಅರವತ್ತೋ ಎಪ್ಪತ್ತೋ ಹಂಚು ಬದಲಾಯಿತು. ಅದಕ್ಕೆ ಹೊಸ ಹಂಚು ತರಬೇಡಿ, ಅಳತೆ ಕೂರುವುದಿಲ್ಲ, ಕೆಡವಿದ ಮನೆಯ ಹಳೇ ಹಂಚೇ ಹುಡುಕಿ ಅಂದರು. ಪಕ್ಕದ ಬೀದಿಯಲ್ಲಿ ಒಂದು ಮನೆ ಕೆಡವುತ್ತಿದ್ದರು, ಅಲ್ಲಿಂದ ತಂದೆವು. ಆ ಮನೆಯ ಹಂಚು ನಮ್ಮ ಮಾಡಿನ ಮೇಲೆ ಇದೆ ಅಂತ ನೆನಪಾದಾಗ ಒಂಥರಾ ಆಗುತ್ತದೆ.

ಸಿಮೆಂಟ್ ಕಿತ್ತದ್ದು ಕಷ್ಟದ ಕೆಲಸ. ಸುಣ್ಣದ ಗಾರೆ ಇಟ್ಟಿಗೆಗಿಂತ ಮೆತ್ತಗೆ, ಹಾಗಾಗಿ ಕೀಳುವಾಗ ಗಾರೆ ಮಾತ್ರ ಬರುತ್ತದೆ. ಸಿಮೆಂಟು ಇಟ್ಟಿಗೆಗಿಂತ ಗಟ್ಟಿ, ಅದು ಬರುವಾಗ ಇಟ್ಟಿಗೆಯ ಮುಖವನ್ನೂ ಹಿಡಿದುಕೊಂಡೇ ಬರುತ್ತದೆ. ಕೆಲವು ಕಡೆ ಒಂದಿಂಚು ಇಟ್ಟಿಗೆ ಹೋಯಿತು. ಕಿತ್ತ ಮೇಲೆ ಗೋಡೆಯನ್ನು ಹಾಗೇ ಬೆತ್ತಲೆ ಬಿಟ್ಟು ಎರಡು ತಿಂಗಳು ಒಣಗಿಸಿದರು. ಆ ಎರಡು ತಿಂಗಳು ಓಣಿಯಲ್ಲಿ ಹೋಗುವವರೆಲ್ಲ ಒಂದೇ ಪ್ರಶ್ನೆ, "ಕೆಡವಲಿಕ್ಕೆ ಶುರು ಮಾಡಿದಿರಾ?"

ಅತ್ತೆಯ ಕೋಣೆಯ ಮೂಲೆಯಲ್ಲಿ ಒಂದು ಉದ್ದ ಬಿರುಕಿತ್ತು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ ಸುತ್ತ ಎಷ್ಟು ಮನೆಗಳು ಹೋದವು ಅಂತ ಕೊಡಗಿನವರಿಗೆ ಹೇಳಬೇಕಾಗಿಲ್ಲ. ಅವತ್ತಿನಿಂದ ಬಿರುಕು ಕಂಡರೆ ನಮಗೆ ಎದೆ ಝಲ್ಲೆನ್ನುತ್ತದೆ. ಮೇಸ್ತ್ರಿ ಬಿರುಕಿನ ಮೇಲೆ ಅಡ್ಡಕ್ಕೆ ಮೂರು ಕಡೆ ಸಣ್ಣ ಗಾಜಿನ ತುಂಡು ಅಂಟಿಸಿ, ಮೇಲೆ ತಾರೀಕು ಬರೆದು ಹೋದರು. ಗೋಡೆ ಇನ್ನೂ ಸರಿಯುತ್ತಿದ್ದರೆ ಗಾಜು ಒಡೆಯುತ್ತದೆ. ದಿನಾ ಬೆಳಿಗ್ಗೆ ಎದ್ದು ಅತ್ತೆ ಮೊದಲು ನೋಡುತ್ತಿದ್ದದ್ದು ಆ ಗಾಜು. ಎರಡು ತಿಂಗಳಾದರೂ ಒಡೆಯಲಿಲ್ಲ. ಹಳೇ ಬಿರುಕು, ಗೋಡೆ ನಿಂತಿದೆ, ತುಂಬಬಹುದು ಅಂದರು. ಭಾರಿ ಬಿರುಕಾಗಿದ್ದರೆ ಇಂಜಿನಿಯರನ್ನು ಕರೆಸಿ, ನಾನು ಕೈ ಹಾಕುವುದಿಲ್ಲ ಅಂತಲೂ ಮೊದಲೇ ಹೇಳಿದ್ದರು. ತನಗೆ ಗೊತ್ತಿರುವುದು ಎಲ್ಲಿಗೆ ಮುಗಿಯುತ್ತದೆ ಅಂತ ತಿಳಿದಿರುವ ಕೆಲಸಗಾರ ಸಿಗುವುದು ಅಪರೂಪ ಅಲ್ವಾ.

ಅಷ್ಟರಲ್ಲಿ ಹಿತ್ತಲಲ್ಲಿ ಸುಣ್ಣದ ಕೆಲಸ ನಡೆದಿತ್ತು. ಕರಾವಳಿಯಿಂದ ತರಿಸಿದ ಚಿಪ್ಪಿನ ಸುಣ್ಣ. ಸುಟ್ಟ ಚಿಪ್ಪನ್ನು ನೀರಿಗೆ ಹಾಕಿದ್ದೇ ತಡ, ತೊಟ್ಟಿಯೊಳಗೆ ಕೊತಕೊತ ಕುದಿಯಿತು, ಬೆಂಕಿಯೇ ಇಲ್ಲದೆ. ಮಗನನ್ನು ಹತ್ತಿರ ಬಿಡಲಿಲ್ಲ, ಒಂದು ಹನಿ ಕಣ್ಣಿಗೆ ಬಿದ್ದರೂ ಕಣ್ಣು ಹೋಗಬಹುದು. ಮನೆಯಲ್ಲಿ ಮಕ್ಕಳಿದ್ದರೆ ಈ ವಾರ ಹುಷಾರಾಗಿರಿ. ಅರಳಿದ ಸುಣ್ಣವನ್ನು ಸೋಸಿ, ಮೇಲೆ ನೀರು ನಿಲ್ಲುವ ಹಾಗೆ ಮುಚ್ಚಿ ಒಂದು ತಿಂಗಳ ಮೇಲೆ ಇಟ್ಟರು. ತೆಗೆದಾಗ ಬೆಣ್ಣೆಯ ಹಾಗಿತ್ತು, ಕರಣೆಗೆ ಹಾಗೇ ಅಂಟಿಕೊಳ್ಳುತ್ತಿತ್ತು. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು. ಹೊರಗಿನ ಗೋಡೆಗೆ ಮರಳಿನಲ್ಲಿ ಒಂದು ಭಾಗದ ಬದಲು ನುಣ್ಣಗೆ ಅರೆದ ಇಟ್ಟಿಗೆ ಪುಡಿ, ಅದನ್ನು ಸುರ್ಕಿ ಅನ್ನುತ್ತಾರೆ. ಸುರ್ಕಿ ಸೇರಿದರೆ ನಮ್ಮ ಊರಿನಂಥ ಒದ್ದೆ ಹವೆಯಲ್ಲೂ ಗಾರೆ ಗಟ್ಟಿಯಾಗುತ್ತದೆ. ಕಲಸಲು ಸುಮ್ನೆ ನೀರಲ್ಲ, ಬೆಲ್ಲ ಮತ್ತು ಜಜ್ಜಿದ ಅಳಲೆಕಾಯಿ ನೆನೆಸಿಟ್ಟು ಹುಳಿ ಬರಿಸಿದ ನೀರು. ಆ ವಾಸನೆ ಇಡೀ ಓಣಿಗೆ. ಹಿಂದೆ ಎತ್ತು ಕಟ್ಟಿ ಗಾರೆ ಗಾಣದಲ್ಲಿ ಅರೆಯುತ್ತಿದ್ದರಂತೆ, ಈಗ ಇವರ ಹತ್ತಿರ ಮೋಟಾರಿನ ಗ್ರೈಂಡರ್ ಇದೆ.

ಒಂದರ ಮೇಲೊಂದು ಮೂರು ಸಲ ಗಾರೆ ಬಳಿದರು. ಒಂದು ಪದರ ಬಳಿದು, ಒದ್ದೆ ಗೋಣಿತಾಟು ಕಟ್ಟಿ, ಬೆಳಿಗ್ಗೆ ಸಂಜೆ ನೀರು ಚಿಮುಕಿಸಿ, ದಿನಗಟ್ಟಲೆ ಕಾದು ಆಮೇಲೆ ಇನ್ನೊಂದು. ಕೊನೆಯದನ್ನು ಕರಣೆಯಿಂದ ಉಜ್ಜಿ ಉಜ್ಜಿ ನುಣುಪು ತಂದರು. ಸುಣ್ಣದ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಚಿಪ್ಪು ಸುಡುವಾಗ ಅದರಿಂದ ಹೊರಟ ಇಂಗಾಲದ ಡೈಆಕ್ಸೈಡನ್ನು ಗೋಡೆಯ ಮೇಲಿರುವ ಸುಣ್ಣ ಗಾಳಿಯಿಂದ ಮತ್ತೆ ಹೀರಿಕೊಂಡು ತಿಂಗಳುಗಟ್ಟಲೆ ನಿಧಾನವಾಗಿ ಕಲ್ಲಾಗುತ್ತದೆ. ಸಣ್ಣ ಬಿರುಕು ಬಿದ್ದರೆ ಮಳೆ ನೀರಿನಲ್ಲಿ ಸ್ವಲ್ಪ ಸುಣ್ಣ ಕರಗಿ ಬಂದು ಆ ಬಿರುಕನ್ನೇ ತುಂಬುತ್ತದೆ. ನಮ್ಮ ಮುಂದಿನ ಗೋಡೆಯಲ್ಲಿ ಮೊದಲ ವರ್ಷ ಕೂದಲಿನಷ್ಟು ತೆಳ್ಳಗಿನ ಎರಡು ಗೆರೆ ಕಂಡಿದ್ದವು, ಈಗ ಹುಡುಕಿದರೂ ಸಿಗುವುದಿಲ್ಲ.

ಇವರ ಕೆಲಸ ನೋಡಿದ ಮೇಲೆ ಊರನ್ನು ನೋಡುವ ಕಣ್ಣೇ ಬದಲಾಯಿತು, ಅದನ್ನು ಬರೆಯದೆ ಇರಲಾರೆ. ಒಂದು ಭಾನುವಾರ ಮೇಸ್ತ್ರಿ ನನ್ನ ಮಗನಿಗೆ ಹೇಳಿದರು, ಓಂಕಾರೇಶ್ವರಕ್ಕೆ ಹೋಗಿ ಗುಮ್ಮಟ ನೋಡಿ ಬಾ, ರಾಜರ ಸಮಾಧಿಗಳಿರುವ ಗದ್ದಿಗೆಗೂ ಹೋಗು, ಸಿಮೆಂಟು ಎಲ್ಲಿದೆ ಹುಡುಕು ಅಂತ. ನಾವಿಬ್ಬರೂ ಹೋದೆವು. ಓಂಕಾರೇಶ್ವರವನ್ನು ಕೊಡಗಿನ ರಾಜ ಲಿಂಗರಾಜೇಂದ್ರ ಕಟ್ಟಿಸಿದ್ದು 1820ರಲ್ಲಿ. ನಡುವೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರಿನಂಥ ಗೋಪುರ, ಮುಂದೆ ಕೆರೆ. ಶಿವನ ಗುಡಿಗೆ ಮಸೀದಿಯ ಹಾಗೆ ಗುಮ್ಮಟ ಯಾಕೆ ಅಂತ ಪ್ರವಾಸಿಗರು ಕೇಳುವುದು ಯಾವಾಗಲೂ ಇದ್ದದ್ದೇ. ಮಗ ಕೇಳಿದ್ದು ಬೇರೆ. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇಂಗ್ಲೆಂಡಿನಲ್ಲಿ ಜೋಸೆಫ್ ಆಸ್ಪ್‌ಡಿನ್ ಪೇಟೆಂಟ್ ಪಡೆದದ್ದು 1824ರಲ್ಲಿ ಅಂತ ಅವನು ಎಲ್ಲೋ ಓದಿದ್ದ. "ಹಾಗಾದರೆ ಇದು ಕಟ್ಟಿದಾಗ ಸಿಮೆಂಟೇ ಇರಲಿಲ್ಲ ಅಲ್ವಾ ಅಮ್ಮ?" ಅಂದ. ಇರಲಿಲ್ಲ. ಕೋಟೆಯೊಳಗಿನ ಅರಮನೆಯನ್ನು ಲಿಂಗರಾಜೇಂದ್ರ ಇಟ್ಟಿಗೆ ಗಾರೆಯಲ್ಲಿ ಕಟ್ಟಿಸಿದ 1812-14ರಲ್ಲೂ ಇರಲಿಲ್ಲ. ದೊಡ್ಡವೀರರಾಜೇಂದ್ರ ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ ನಾಲ್ಕುನಾಡು ಅರಮನೆ ಕಟ್ಟಿಸಿದಾಗಲೂ ಇರಲಿಲ್ಲ. ಇನ್ನೂರು ವರ್ಷ ಇದೇ ಮಳೆಯಲ್ಲಿ ನಿಂತದ್ದು ಸುಣ್ಣ.

ಹಾಗಂತ ಸುಣ್ಣ ತಾನಾಗಿಯೇ ನಿಲ್ಲುವುದಿಲ್ಲ. ಅತ್ತೆ ಹೇಳುವಂತೆ, ಅವರು ಮನೆಗೆ ಬಂದ ಹೊಸತರಲ್ಲಿ ಪ್ರತಿ ವರ್ಷ ಮಳೆ ಬಿಟ್ಟು ದಸರಾ ಕರಗ ಹೊರಡುವ ಮೊದಲು ಇಡೀ ಮನೆಗೆ ಸುಣ್ಣ ಬಳಿಯಲೇಬೇಕಿತ್ತು. ಗಂಡಸರು ಹೊರಗೆ, ಹೆಂಗಸರು ಒಳಗೆ. ನಾವು ಅದನ್ನು ಬರೀ ಹಬ್ಬದ ಸಡಗರ ಅಂದುಕೊಂಡು ಬಿಟ್ಟುಬಿಟ್ಟೆವು, ಪೇಂಟ್ ಬಂತಲ್ಲ ಅಂತ. ಅದು ಗೋಡೆಗೆ ವರ್ಷಕ್ಕೊಮ್ಮೆ ಕೊಡುವ ಮದ್ದಾಗಿತ್ತು. ಸುಣ್ಣದ ಖಾರಕ್ಕೆ ಬೂಷ್ಟು, ಪಾಚಿ ಬೇಗ ಹತ್ತುವುದಿಲ್ಲ.

ನಮ್ಮ ಊರಿನಲ್ಲಿ ಹಳೇ ಕಟ್ಟಡ ಉಳಿದಿರುವ ಕಡೆಯೆಲ್ಲ ಅದಕ್ಕೆ ಏನೋ ಒಂದು ಕೆಲಸ ಸಿಕ್ಕಿದೆ. ಕೋಟೆಯೊಳಗೆ 1859ರಲ್ಲಿ ಕಟ್ಟಿದ ಸೇಂಟ್ ಮಾರ್ಕ್ಸ್ ಚರ್ಚು ಈಗ ವಸ್ತುಸಂಗ್ರಹಾಲಯ. ಜನರಲ್ ತಿಮ್ಮಯ್ಯನವರ ಮನೆ ಸನ್ನಿಸೈಡ್ ಎಷ್ಟೋ ವರ್ಷ ಆರ್‌ಟಿಒ ಕಚೇರಿಯಾಗಿತ್ತು, ಲೈಸೆನ್ಸಿಗೆ ಅಲ್ಲಿ ಕ್ಯೂ ನಿಂತವರಿಗೆ ಅದು ಯಾರ ಮನೆ ಅಂತಲೂ ಗೊತ್ತಿರಲಿಲ್ಲ. 2021ರ ಫೆಬ್ರವರಿಯಲ್ಲಿ ಮ್ಯೂಸಿಯಂ ಆಗಿ ತೆರೆಯಿತು, ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಬಂದಿದ್ದರು. ಹೋಗದವರು ಹೋಗಿ ಬನ್ನಿ. ಅದೇ ರಾಜರದಲ್ಲದ, ಜನರಲ್‌ದಲ್ಲದ ಮನೆಗಳನ್ನು, ಪೇಟೆಯಲ್ಲಿ ಹಲಗೆ ಬಾಗಿಲಿನ ಅಂಗಡಿಗಳನ್ನು ಯಾರು ನೋಡಿಕೊಳ್ಳುತ್ತಾರೆ? ಅಲ್ಲಿ ವಾಸ ಇರುವವರೇ ನೋಡಿಕೊಳ್ಳಬೇಕು. ಅವರಿಗೆ ಒಬ್ಬ ಸರಿಯಾದ ಮೇಸ್ತ್ರಿ ಸಿಗದಿದ್ದರೆ ಮನೆ ಉಳಿಸುವ ಮನಸ್ಸಿದ್ದರೂ ಕೆಡವುತ್ತಾರೆ. ನಾವೇ ಕೆಡವುತ್ತಿದ್ದೆವು.

ಈಗ ಖರ್ಚು. ಮುಂದಿನ ಗೋಡೆ, ಒಂದು ಪಕ್ಕದ ಗೋಡೆ, ಒಳಗೆ ಮೂರು ಕೋಣೆ, ಬುಡದ ಚರಂಡಿ, ಹಂಚಿನ ರಿಪೇರಿ, ಎಲ್ಲಾ ಸೇರಿ 4 ಲಕ್ಷ 30 ಸಾವಿರ ಆಯಿತು. ಇಷ್ಟಕ್ಕೇ ಸಿಮೆಂಟಿನಲ್ಲಿ ನಮಗೆ ಸಿಕ್ಕಿದ್ದ ರೇಟು 2 ಲಕ್ಷ 60 ಸಾವಿರ, ಅದರಲ್ಲಿ ಚರಂಡಿ ಇರಲಿಲ್ಲ. ಜಾಸ್ತಿಯೇ. ಆದರೆ ಸುಣ್ಣ, ಮರಳಿಗೆ ಹೋದದ್ದು ಕಮ್ಮಿ, ಹೆಚ್ಚು ಹೋದದ್ದು ಕೂಲಿಗೆ, ಅಂದರೆ ಕೆಲಸ ಗೊತ್ತಿರುವವರ ಕೈಗೆ. ಅದು ನನಗೆ ಭಾರ ಅನ್ನಿಸಲಿಲ್ಲ.

ಸರಿಯಿಲ್ಲದ್ದನ್ನೂ ಹೇಳಬೇಕು. ಮೊದಲನೆಯದು ಸಮಯ. ಮೂರು ತಿಂಗಳು ಅಂದಿದ್ದು ಐದೂವರೆ ತಿಂಗಳಾಯಿತು. ಗೋಡೆ ಒಣಗಲು ಬೇಕಾದ ಸಮಯದ ಬಗ್ಗೆ ನನ್ನ ತಕರಾರಿಲ್ಲ. ಆದರೆ ನಡುವೆ ಹದಿನೈದು ದಿನ ಬೇರೆ ಕಡೆ ಹೋಗಿಬಿಟ್ಟರು, ಫೋನ್ ತೆಗೆಯಲಿಲ್ಲ. ಅತ್ತೆಯನ್ನು ಅಡುಗೆಮನೆ ಪಕ್ಕ ಮಲಗಿಸಿಕೊಂಡು, ಮನೆ ತುಂಬ ಧೂಳಿನಲ್ಲಿ ಆ ಹದಿನೈದು ದಿನ ತುಂಬಾ ಕಷ್ಟವಾಯಿತು. ಒಂದು ಮಾತು ಹೇಳಿ ಹೋಗಬಹುದಿತ್ತು. ಎರಡನೆಯದು, ಲೆಕ್ಕವೆಲ್ಲ ಬಾಯಲ್ಲೇ. ಬರೆದು ಕೊಡಿ ಅಂದರೆ ಸಂಕೋಚ ಪಡುತ್ತಾರೆ. ನಾನೇ ಒಂದು ನೋಟ್‌ಬುಕ್ ಇಟ್ಟು ದಿನದ ಕೂಲಿ, ಸಾಮಾನು ಬರೆದು ಶನಿವಾರ ಅವರಿಗೆ ಓದಿ ಹೇಳಿ ಸಹಿ ಹಾಕಿಸಿದೆ. ನೀವೂ ಹಾಗೆ ಮಾಡಿ, ಅವರು ಬೇಜಾರು ಮಾಡಿಕೊಳ್ಳುವುದಿಲ್ಲ. ಮೂರನೆಯದು, ಪಕ್ಕದ ಗೋಡೆಯಲ್ಲಿ ಒಂದು ಮೊರದಗಲ ಗಾರೆ ಮೊದಲ ಮಳೆಗೇ ಕಳಚಿತು. ಹುಡುಗ ಮಾಡಿದ ಜಾಗ, ಗೋಡೆಯನ್ನು ಸರಿಯಾಗಿ ನೆನೆಸಿರಲಿಲ್ಲವಂತೆ. ಹೇಳಿ ಕಳಿಸಿದ್ದಕ್ಕೆ ಮೇಸ್ತ್ರಿ ಮಳೆ ಬಿಟ್ಟ ಮೇಲೆ ತಾವೇ ಬಂದು, ದುಡ್ಡು ತೆಗೆದುಕೊಳ್ಳದೆ ಮತ್ತೆ ಮಾಡಿದರು. ಆ ಹುಡುಗನನ್ನೇ ಪಕ್ಕದಲ್ಲಿ ನಿಲ್ಲಿಸಿಕೊಂಡು ಅವನ ಕೈಯಿಂದಲೇ ಮಾಡಿಸಿದರು.

ಕೆಲವು ವಿಷಯ ಮೊದಲೇ ತಿಳಿದಿರಲಿ. ಬಚ್ಚಲುಮನೆಗೆ ಸುಣ್ಣ ಬೇಡ ಅಂತ ಅವರೇ ಹೇಳುತ್ತಾರೆ, ದಿನಾ ನೀರು ಬಡಿಯುವ ಕಡೆ ಸಿಮೆಂಟೇ ಹಾಕಿ ಅಂತ. ನಮ್ಮಲ್ಲೂ ಬಚ್ಚಲು ಹಿತ್ತಲಿನ ಹೊಸ ಭಾಗದಲ್ಲಿದೆ, ಅದನ್ನು ಮುಟ್ಟಲಿಲ್ಲ. ಮರದ ಕೆಲಸ ಮಾಡುವುದಿಲ್ಲ. ನಮ್ಮ ಮಾಡಿನ ಎರಡು ಪಕಾಸಿಗೆ (ಹಂಚು ಹೊರುವ ಮರಕ್ಕೆ) ಗೆದ್ದಲು ಹಿಡಿದಿತ್ತು, ಅದಕ್ಕೆ ಬೇರೆ ಆಚಾರಿಯವರನ್ನು ಕರೆಸಬೇಕಾಯಿತು. ಬಣ್ಣ ಬೇಕೆಂದರೆ ಬಿಳಿ, ಕೆಮ್ಮಣ್ಣು, ತಿಳಿ ಹಳದಿ, ಸ್ವಲ್ಪ ನೀಲಿ, ಇಷ್ಟೇ. ಸುಣ್ಣದ ಮೇಲೆ ಅಂಗಡಿ ಪೇಂಟ್ ಹೊಡೆದರೆ ಮತ್ತೆ ಅದೇ ಕಥೆ. ಗೋಡೆಗೆ ಒರಗಿದರೆ ಮೊದಲ ವರ್ಷ ಬಟ್ಟೆಗೆ ಬಿಳಿ ಹತ್ತುತ್ತದೆ. ನಮ್ಮ ಮನೆಯವರ ಆಫೀಸ್ ಅಂಗಿಗಳೆಲ್ಲ ಅದನ್ನು ಅನುಭವಿಸಿವೆ. ಈಗ ಕಮ್ಮಿಯಾಗಿದೆ.

ಅತ್ತೆಯ ಕೋಣೆಗೆ ಬೀರುವನ್ನು ವಾಪಸ್ ಇಟ್ಟಿದ್ದೇವೆ, ಗೋಡೆಯಿಂದ ಒಂದು ಗೇಣು ಬಿಟ್ಟು. ಹೋದ ಕಕ್ಕಡದಲ್ಲಿ ಮಳೆ ಜೋರಾಗಿದ್ದಾಗ ನಾನು ಟಾರ್ಚ್ ಹಿಡಿದು ಬೀರುವಿನ ಹಿಂದೆ ಕೈ ಹಾಕಿ ನೋಡಿದೆ. ಬೂಷ್ಟಿಲ್ಲ, ವಾಸನೆಯಿಲ್ಲ. ಅತ್ತೆಯ ಇನ್ಹೇಲರ್ ಈಗಲೂ ತಲೆದಿಂಬಿನ ಹತ್ತಿರವೇ ಇರುತ್ತದೆ, ಆದರೆ ರಾತ್ರಿ ಎದ್ದು ಕೂರುವುದು ಮೊದಲಿಗಿಂತ ಕಮ್ಮಿಯಾಗಿದೆ.

ಫೋನ್ ನಂಬರನ್ನು ಇಲ್ಲಿ ಹಾಕುತ್ತಿಲ್ಲ, ಬೇಡ ಅಂತ ಮೇಸ್ತ್ರಿಯೇ ಹೇಳಿದ್ದಾರೆ. ಒಂದು ಸಲಕ್ಕೆ ಒಂದೇ ಮನೆ ಅವರ ಪದ್ಧತಿ, ಹತ್ತು ಜನ ಕರೆದರೆ ಹತ್ತು ಜನಕ್ಕೂ ಇಲ್ಲ ಅನ್ನಬೇಕಾಗುತ್ತದೆ. ಹಳೇ ಸುಣ್ಣದ ಮನೆ ಇದ್ದವರು, ಕೆಡವುವ ಮೊದಲು ಒಂದು ಸಲ ತೋರಿಸಬೇಕು ಅನ್ನುವವರು ನನಗೆ ಬರೆಯಿರಿ, ಅವರನ್ನು ಕೇಳಿ ಹೇಳುತ್ತೇನೆ. ಮಳೆಗಾಲದಲ್ಲಿ ಕೆಲಸ ಹಿಡಿಯುವುದಿಲ್ಲ, ನವೆಂಬರಿನಿಂದ ಏಪ್ರಿಲ್ ತನಕ ಮಾತ್ರ. ಈ ಸಲ ಶಿವರಾತ್ರಿ ತನಕ ಬಿಡುವಿಲ್ಲ, ನಮ್ಮ ಓಣಿಯಲ್ಲಿ ಉಳಿದಿರುವ ಮೂರು ಮನೆಗಳಲ್ಲಿ ಇನ್ನೊಂದಕ್ಕೆ ದಸರಾ ಕಳೆದ ಮೇಲೆ ಬರುತ್ತಾರೆ. ಆ ಮನೆಯವರು ಹಿತ್ತಲಲ್ಲಿ ತೊಟ್ಟಿ ತೆಗೆಸಲು ಶುರು ಮಾಡಿದ್ದಾರೆ.